ಪ್ರವಾಹವನ್ನು ಕಂಡವರಿಗೆ ಸಿನಿಮಾ ಏನು ಹೇಳೀತು?

ಮಾನ್ಯರೇ,

ಡೊಂಬಿವಲಿಯಿಂದ ತಾವು ಬರೆದ ಪತ್ರ ತಲುಪಿತು. ಕಳೆದ ಸಂಚಿಕೆಯಲ್ಲಿ ಹವಾಮಾನ ಬದಲಾವಣೆಯ ಕುರಿತ ಚಲನಚಿತ್ರಗಳಿಗೆ ನಾವು ಅಷ್ಟು ಪುಟಗಳನ್ನು ಮೀಸಲಿಟ್ಟದ್ದು ತಮಗೆ ಸರಿಕಂಡಿಲ್ಲ. ಇಂಥ ಚಿತ್ರಗಳು ಒಂದೋ ಹೆದರಿಸುತ್ತವೆ, ಇಲ್ಲವೇ ಉಪದೇಶ ಮಾಡುತ್ತವೆ ಎಂಬುದು ತಮ್ಮ ಆಕ್ಷೇಪ. 2005ರ ಜುಲೈ 26ರ ಮುಂಬಯಿ ಪ್ರವಾಹದಂದು ಕುರ್ಲಾದಿಂದ ರೈಲುಹಳಿಯ ಮೇಲೆ ನಡೆದು ಮರುದಿನ ಮನೆ ಸೇರಿದವರಿಗೆ ಪರದೆಯ ಮೇಲಿನ ಪ್ರವಾಹ ಹೊಸದಾಗಿ ಏನು ಕಲಿಸೀತು ಎಂದು ಕೇಳಿದ್ದೀರಿ. ತಮ್ಮ ಸಂಘದ ಮಕ್ಕಳಿಗೆ ರಜೆಯಲ್ಲಿ ತೋರಿಸಬಹುದಾದ ಇಂಥ ಚಿತ್ರ ಕನ್ನಡದಲ್ಲಿ ಇದೆಯೇ ಎಂದೂ ವಿಚಾರಿಸಿದ್ದೀರಿ. ಆಕ್ಷೇಪಕ್ಕೂ ವಿಚಾರಣೆಗೂ ಉತ್ತರ ಒಂದೇ ಕಡೆ ಸಿಗುತ್ತದೆಂದು ನನಗೆ ಅನ್ನಿಸುವುದರಿಂದ ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಹೆದರಿಸುವ ಚಿತ್ರಗಳ ಬಗ್ಗೆ ತಮ್ಮ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. 2004ರ ‘ದಿ ಡೇ ಆಫ್ಟರ್ ಟುಮಾರೋ’ ಚಿತ್ರದಲ್ಲಿ ಅಟ್ಲಾಂಟಿಕ್ ಸಾಗರದೊಳಗಿನ ಬಿಸಿನೀರಿನ ಹರಿವು ಕುಸಿದು, ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ನಗರ ಹಿಮದಡಿ ಹೂತುಹೋಗುತ್ತದೆ. ಆ ಹರಿವು ದುರ್ಬಲವಾದೀತೆಂಬ ಆತಂಕ ವಿಜ್ಞಾನಿಗಳಿಗೂ ಇದೆ. ಆದರೆ ಅದರ ಪರಿಣಾಮ ಕಾಣಿಸಿಕೊಳ್ಳಲು ಹಿಡಿಯುವುದು ದಶಕಗಳು, ದಿನಗಳಲ್ಲ. ಹಾಗಿದ್ದೂ, ಅಮೆರಿಕದಲ್ಲಿ ಅದೇ ವರ್ಷ ನಡೆದ ಒಂದು ಅಧ್ಯಯನದಲ್ಲಿ, ಚಿತ್ರ ನೋಡಿದವರಲ್ಲಿ ಹವಾಮಾನದ ಬಗೆಗಿನ ಕಾಳಜಿ ನೋಡದವರಿಗಿಂತ ಹೆಚ್ಚಿದ್ದುದು ಕಂಡುಬಂದಿತು. ಆದ್ದರಿಂದ ಹೆದರಿಕೆಯಿಂದ ಏನೂ ಆಗದು ಎಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ಇಂಥ ಚಿತ್ರಗಳಲ್ಲಿ ಪ್ರಕೃತಿ ಮುನಿಯುತ್ತದೆ, ಮನುಷ್ಯರು ಓಡುತ್ತಾರೆ, ಕೆಲವರು ಬದುಕುತ್ತಾರೆ. ಯಾರ ಯಾವ ತೀರ್ಮಾನದಿಂದ ಈ ಸ್ಥಿತಿ ಬಂತು, ಅದರ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬುದನ್ನು ಕೇಳುವ ವ್ಯವಧಾನ ಕಥೆಗೆ ಇರುವುದಿಲ್ಲ.

ತಾವು ಕಂಡ ಪ್ರವಾಹವನ್ನೇ ನೋಡೋಣ. ಆ ದಿನ ಮುಂಬಯಿಯ ಉಪನಗರ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯಾಯಿತು. ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮಳೆ ಆಕಾಶದಿಂದ ಬಂತು, ನಿಜ. ಆದರೆ ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿ ನೀರನ್ನು ಮಾಹಿಮ್ ಖಾರಿಗೆ (ಅಳಿವೆಗೆ) ಒಯ್ಯುವ ಮೀಠಿ ನದಿಯನ್ನು ವಿಮಾನ ನಿಲ್ದಾಣದ ಬಳಿ ತಿರುಗಿಸಿದ್ದು, ಅದರ ದಂಡೆಗಳನ್ನು ಒತ್ತುತ್ತಾ ಬಂದದ್ದು, ಬಾಂದ್ರಾ–ಕುರ್ಲಾ ವಾಣಿಜ್ಯ ಸಂಕೀರ್ಣಕ್ಕಾಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಜೌಗುನೆಲವನ್ನು ಮುಚ್ಚಿದ್ದು ಮನುಷ್ಯರು. ಆ ಪ್ರವಾಹವನ್ನು ಬಳಸಿಕೊಂಡ ಹಿಂದಿ ಚಿತ್ರ ‘ತುಮ್ ಮಿಲೆ’ 2009ರಲ್ಲಿ ಬಂತು. ಅದರಲ್ಲಿ ನೀರಿನ ಕೆಲಸ, ಅಗಲಿದ್ದ ಪ್ರೇಮಿಗಳನ್ನು ಒಂದುಗೂಡಿಸುವುದು. ಪ್ರೇಮಕಥೆಗೆ ಪ್ರವಾಹವನ್ನು ಹಿನ್ನೆಲೆಯಾಗಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಪ್ರವಾಹವೂ ಹಗೆತನದ ಕಥೆಯನ್ನು ಮುಗಿಸಲೆಂದೇ ಬಂದದ್ದಲ್ಲವೇ? ಆದರೆ ಕಂಠಮಟ್ಟದ ನೀರಿನಲ್ಲಿ ನಡೆದವರಿಗೂ ಗೊತ್ತಿರದ ಸಂಗತಿಯನ್ನು, ಆ ನೀರಿಗೆ ಹೋಗಲು ದಾರಿ ಏಕಿರಲಿಲ್ಲ ಎಂಬುದನ್ನು, ಸಿನಿಮಾ ಹೇಳಬಲ್ಲದು. ತಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ.

ಹಾಗೆ ಹೇಳಿದ ಚಿತ್ರಗಳು ಇವೆ. ನೀಲಮಾಧಬ್ ಪಂಡಾ ಅವರ ‘ಕಡ್ವಿ ಹವಾ’ 2017ರಲ್ಲಿ ತೆರೆಕಂಡಿತು. ಮಳೆ ಕಾಣದ ಊರಿನ ಕುರುಡ ಮುದುಕನೊಬ್ಬ, ಸಾಲದಲ್ಲಿ ಮುಳುಗಿದ ಮಗ ಎಲ್ಲಿ ಜೀವ ಕಳೆದುಕೊಳ್ಳುತ್ತಾನೋ ಎಂಬ ಭಯದಲ್ಲಿ, ಊರವರು ಯಮದೂತನೆಂದು ಕರೆಯುವ ಸಾಲ ವಸೂಲಿಗಾರನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಆ ವಸೂಲಿಗಾರನೂ ನಿರಾಶ್ರಿತನೇ. ಒಡಿಶಾದ ಕರಾವಳಿಯಲ್ಲಿರುವ ಅವನ ಊರನ್ನು ಕಡಲು ನುಂಗುತ್ತಿದೆ. ಒಬ್ಬನಿಗೆ ನೀರಿಲ್ಲ, ಇನ್ನೊಬ್ಬನಿಗೆ ನೀರೇ ಶತ್ರು. ಇಬ್ಬರನ್ನೂ ಬ್ಯಾಂಕಿನ ಸಾಲ ಎದುರುಬದುರು ನಿಲ್ಲಿಸುತ್ತದೆ. ಈ ಚಿತ್ರದಲ್ಲಿ ಭಾಷಣ ಕಡಿಮೆ. ಶಾಲೆಯಲ್ಲಿ ಋತುಗಳನ್ನು ಹೇಳಬೇಕಾದ ಹುಡುಗ, ನಮ್ಮಲ್ಲಿ ಇರುವುದು ಬೇಸಿಗೆ ಮತ್ತು ಚಳಿಗಾಲ ಎರಡೇ ಎನ್ನುತ್ತಾನೆ. ಮಳೆಗಾಲ ಅವನ ಲೆಕ್ಕದಲ್ಲೇ ಇಲ್ಲ.

ಉಪದೇಶದ ಬಗ್ಗೆ ಒಂದು ಮಾತು. ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರ ಉಪನ್ಯಾಸವನ್ನೇ ಚಿತ್ರವಾಗಿಸಿದ ‘ಆ್ಯನ್ ಇನ್‌ಕನ್ವೀನಿಯಂಟ್ ಟ್ರೂತ್’ 2006ರಲ್ಲಿ ಬಂದಾಗ, ಅದನ್ನು ಶಾಲೆಗಳಲ್ಲಿ ತೋರಿಸಬಾರದೆಂದು ಇಂಗ್ಲೆಂಡಿನಲ್ಲಿ ಒಬ್ಬ ಪೋಷಕರು ನ್ಯಾಯಾಲಯಕ್ಕೆ ಹೋದರು. 2007ರ ತೀರ್ಪಿನಲ್ಲಿ ನ್ಯಾಯಾಧೀಶರು ಚಿತ್ರದ ಮುಖ್ಯ ವಾದ ಸ್ಥೂಲವಾಗಿ ಸರಿಯೆಂದೂ, ಒಂಬತ್ತು ಅಂಶಗಳು ವಿಜ್ಞಾನದ ಸಾಮಾನ್ಯ ಅಭಿಪ್ರಾಯದಿಂದ ದೂರ ಸರಿದಿವೆಯೆಂದೂ ಗುರುತಿಸಿ, ಶಿಕ್ಷಕರಿಗೆ ಸೂಕ್ತ ಟಿಪ್ಪಣಿ ಕೊಟ್ಟು ತೋರಿಸಬಹುದೆಂದರು. ಮಕ್ಕಳಿಗೆ ಚಿತ್ರ ತೋರಿಸುವ ಎಲ್ಲರೂ ಪಾಲಿಸಬಹುದಾದ ಕ್ರಮ ಇದು.

ಇನ್ನು ಕನ್ನಡದ ಚಿತ್ರ. ನಾನು ಸೂಚಿಸುವುದು ‘ದ್ವೀಪ’ವನ್ನು. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, ಸೌಂದರ್ಯ ನಿರ್ಮಿಸಿ ನಟಿಸಿದ ಈ ಚಿತ್ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಇದು ಹವಾಮಾನ ಬದಲಾವಣೆಯ ಚಿತ್ರವಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾಗುವ ಊರಿನ ಕಥೆ. ಎರಡನ್ನೂ ಒಂದೇ ಎಂದು ಮಕ್ಕಳಿಗೆ ಹೇಳಬಾರದು. ಆದರೂ ಇದನ್ನೇ ಆರಿಸಲು ಕಾರಣವಿದೆ. ನೀರು ಇಲ್ಲಿ ಅಲೆಯಾಗಿ ಅಪ್ಪಳಿಸುವುದಿಲ್ಲ. ಮಳೆ ಹೊಯ್ಯುತ್ತಲೇ ಇರುತ್ತದೆ, ನೆರೆಯವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ, ಬೆಟ್ಟದ ಮೇಲಿನ ಮನೆಯಲ್ಲಿ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಮನೆಯನ್ನು ಉಳಿಸಿಕೊಳ್ಳಲು ನಾಗಿ ಪಡುವ ಪಾಡನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. ಕೊನೆಗೆ ಮಳೆ ನಿಂತಾಗ ಗಣಪ ಅದನ್ನು ದೈವದ ಕೃಪೆ ಎನ್ನುತ್ತಾನೆ. ನಾಗಿಯ ದುಡಿಮೆ ಅವನ ಕಣ್ಣಿಗೆ ಬೀಳುವುದಿಲ್ಲ. ಮುಳುಗಿಸಿದ್ದು ಸರ್ಕಾರದ ಒಂದು ತೀರ್ಮಾನ, ಉಳಿಸಿದ್ದು ಒಬ್ಬ ಹೆಂಗಸಿನ ಶ್ರಮ, ಹೆಸರು ಮಾತ್ರ ದೇವರಿಗೆ. ಹವಾಮಾನದ ಕುರಿತು ಬರುವ ಎಷ್ಟೋ ಚಿತ್ರಗಳು ಹೇಳದೆ ಬಿಡುವುದನ್ನು ಈ ಚಿತ್ರ ಒಂದು ಅಂಗಳದಲ್ಲಿ ತೋರಿಸಿಬಿಟ್ಟಿದೆ.

ಇದು ಹೈಸ್ಕೂಲಿನ ಮಕ್ಕಳಿಗೆ ಸರಿ. ಚಿಕ್ಕವರಿಗಾದರೆ ಪುನೀತ್ ರಾಜ್‌ಕುಮಾರ್ ಅವರ 2022ರ ‘ಗಂಧದ ಗುಡಿ’ ಇದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಕರ್ನಾಟಕದ ಕಾಡನ್ನು, ಕಡಲನ್ನು ಅವರ ಜೊತೆ ನೋಡಿಬರಬಹುದು. ‘ದ್ವೀಪ’ ಮುಗಿದ ಮೇಲೆ ತಕ್ಷಣ ದೀಪ ಹಾಕಿ ಕಳುಹಿಸಬೇಡಿ. ಆ ಅಣೆಕಟ್ಟಿನ ವಿದ್ಯುತ್ತು ಎಲ್ಲಿಗೆ ಹೋಯಿತು, ಪರಿಹಾರದ ಹಣ ಯಾರಿಗೆ ಎಷ್ಟು ಸಿಕ್ಕಿತು, ನಾಗಿಯ ಮಾತನ್ನು ಯಾರು ಕೇಳಿದರು ಎಂದು ಮಕ್ಕಳನ್ನೇ ಕೇಳಿ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕಾಗುವುದರಿಂದ ಅದನ್ನು ಮುಂಚಿತವಾಗಿ ಪಡೆದುಕೊಳ್ಳಿ. ಮಕ್ಕಳು ಬರೆದುಕೊಟ್ಟ ಉತ್ತರಗಳನ್ನು ನಮಗೆ ಕಳುಹಿಸಿದರೆ, ತಿದ್ದದೆ ಪ್ರಕಟಿಸುತ್ತೇವೆ.

— ಸಂಪಾದಕ