ಕೇಳಿಸ್ತದೆ, ಆದರೆ ನಿಲ್ಲುವುದಿಲ್ಲ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

"ಯಾರೂ ಇಲ್ಲದಾಗ ಕಿವಿಯಲ್ಲಿ ಮಾತು ಕೇಳುವುದು ನಿಂತು ಎರಡು ವರ್ಷ ಆಯ್ತು ಮೇಡಂ. ಆದರೂ ಅಂಗಡಿಗೆ ಕಳಿಸಿದರೆ ಮೂರು ಸಾಮಾನಿನಲ್ಲಿ ಒಂದೇ ತರ್ತಾನೆ. ಉದಾಸೀನ ಅಲ್ಲದೆ ಮತ್ತೆಂತ?" ಎಂದರು ತಾಯಿ. ಪಕ್ಕದಲ್ಲಿ 29ರ ಮಗ, ತಲೆ ತಗ್ಗಿಸಿ ಕೂತಿದ್ದ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಮದ್ದು ಸರಿಯಾಗಿ ತಗೊಳ್ತಾನೆ. ಮಂಗಳೂರಿನ ಹಂಪನಕಟ್ಟೆ ಹತ್ತಿರ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿ ಕೇಳಿದ ಸ್ಕ್ರೂ ಸೈಜು ಗೋಡೌನು ಮುಟ್ಟುವಷ್ಟರಲ್ಲಿ ಮರೆತುಹೋಗುತ್ತಿತ್ತಂತೆ. ಮಾವ ಎಲ್ಲರೆದುರು ಬೈದರು, ಇವನು ಹೋಗುವುದನ್ನೇ ಬಿಟ್ಟ.

ಅವನನ್ನೇ ಕೇಳಿದೆ. ತುಂಬ ಹೊತ್ತು ಬಿಟ್ಟು, "ಕೇಳಿಸ್ತದೆ, ಆದರೆ ನಿಲ್ಲುವುದಿಲ್ಲ" ಎಂದ.

ಇದು ಉದಾಸೀನ ಅಲ್ಲ, ಕಾಯಿಲೆಯದೇ ಒಂದು ಭಾಗ. ಗಮನ, ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವುದು, ಯೋಚನೆಯ ವೇಗ, ಇವೆಲ್ಲ ಎಷ್ಟೋ ಜನರಲ್ಲಿ ಸ್ವರ ಕೇಳುವ ಮೊದಲೇ ಕುಂದಿರುತ್ತವೆ. ಮದ್ದು ಹೆಚ್ಚಿನವರಲ್ಲಿ ಸ್ವರ ತಗ್ಗಿಸುತ್ತದೆ, ಇದಕ್ಕೆ ಅಷ್ಟಾಗಿ ತಾಗುವುದಿಲ್ಲ.

"ನೆನಪಿಗೊಂದು ಮಾತ್ರೆ ಬರೆಸಿಕೊಡಿ" ಎಂದರು ತಾಯಿ. ಇಲ್ಲ ಅಮ್ಮಾ, ಇದಕ್ಕೆಂದೇ ಒಪ್ಪಿಗೆ ಪಡೆದ ಮದ್ದು ಇನ್ನೂ ಬಂದಿಲ್ಲ. ಐಕ್ಲೆಪರ್ಟಿನ್ ಎಂಬುದರ ಮೇಲೆ ತುಂಬ ಆಸೆ ಇತ್ತು, ಕೊನೆ ಹಂತದ ಪರೀಕ್ಷೆಯಲ್ಲಿ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲವೆಂದು 2025ರ ಜನವರಿಯಲ್ಲಿ ಗೊತ್ತಾಯಿತು.

ಆದರೆ ಡಾಕ್ಟರ ಚೀಟಿಯಲ್ಲಿ ಸ್ವರಕ್ಕೆ ಕೊಡುವ ರಿಸ್ಪೆರಿಡೋನ್ ಜೊತೆ ಟ್ರೈಹೆಕ್ಸಿಫೆನಿಡಿಲ್ ಇತ್ತು (ಮೊದಲ ಭೇಟಿಯಲ್ಲಿ ನಾನು ಚೀಟಿ ನೋಡಲೇ ಇಲ್ಲ, ಅದು ನನ್ನ ತಪ್ಪು). ಅಂಥ ಮದ್ದಿನಿಂದ ಕೈ ನಡುಕ, ಬಿಗಿತ ಬಂದರೆ ಕೊಡುವ ಮಾತ್ರೆ ಟ್ರೈಹೆಕ್ಸಿಫೆನಿಡಿಲ್. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ರಾಸಾಯನಿಕದ ಕೆಲಸವನ್ನೇ ತಡೆಯುತ್ತದೆ, ಹಾಗಾಗಿ ಮರೆವು ಜಾಸ್ತಿಯಾಗಬಹುದು. ಇವನ ನಡುಕ ಹೋಗಿ ವರ್ಷವಾಗಿತ್ತು. "ನೀವಾಗಿ ನಿಲ್ಲಿಸಬೇಡಿ, ಇದು ಇನ್ನೂ ಬೇಕಾ ಅಂತ ಡಾಕ್ಟರ ಹತ್ತಿರ ಕೇಳಿ" ಎಂದೆ. ಡಾಕ್ಟರು ಕೆಲವು ವಾರಗಳಲ್ಲಿ ಅದನ್ನು ನಿಧಾನಕ್ಕೆ ಇಳಿಸಿದರು. ರಿಸ್ಪೆರಿಡೋನ್ ಹಾಗೇ ಮುಂದುವರಿಯಿತು.

ಮನೆಯಲ್ಲಿ ಮಾಡಲು ಹೇಳಿದ್ದು ಇಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬಂಗುಡೆ, ಹುಳಿ, ಮೆಣಸು ಬೇಕಿದ್ದರೆ ಚೀಟಿಯಲ್ಲಿ ಅವನ ಕೈಯಲ್ಲೇ ಬರೆಸಿ. ಮಾತ್ರೆಗೆ ಫೋನಿನಲ್ಲಿ ಅಲಾರಂ ಇರಲಿ. ಸಂಜೆ ನಡೆಯಲಿ, ಸುಮ್ನೆ ಅಲ್ಲ, ಬೆವರು ಬರುವಷ್ಟು. ಗಮನ, ನೆನಪಿಗೆ ವಾರಕ್ಕೆರಡು ಸಲ ನನ್ನ ಹತ್ತಿರ ಅಭ್ಯಾಸವೂ ನಡೆಯುತ್ತಿದೆ.

ಮೂರು ತಿಂಗಳಲ್ಲಿ ಪವಾಡವೇನೂ ಆಗಿಲ್ಲ. ಚೀಟಿ ಇದ್ದರೆ ಮೂರೂ ಸಾಮಾನು ಬರುತ್ತದೆ, ಚೀಟಿ ಮನೆಯಲ್ಲೇ ಮರೆತು ಹೋದರೆ ಒಂದೇ. ಮಾವ ಮಾತ್ರ ಇನ್ನೂ ಉದಾಸೀನ ಅಂತಲೇ ಹೇಳ್ತಾರಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.