ಮೇಲಿನ ಕೋರ್ಟು ಖಾಲಿ, ಮಗಳಿಗೆ ಅದೇ ಕಾನೂನು ಬೇಕಂತೆ

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್. ಮಗಳು ದಾವಣಗೆರೆಯಲ್ಲಿ ಎಲ್‌ಎಲ್‌ಬಿ ಕೊನೆ ವರ್ಷ. ಮುಂದೆ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅಮೆರಿಕ ಮನಸ್ಸಿಗೆ ಬಂದಷ್ಟು ಸುಂಕ ಹಾಕುವಾಗ ಆ ಕಾನೂನು ಇದ್ದೂ ಏನು ಉಪಯೋಗ ಸಾರ್?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಇಷ್ಟು ವರ್ಷ ದಾವಣಗೆರೆ ಮಂಡಿ ವರ್ತಕರ ತೆರಿಗೆ ಕಾಗದ ನೋಡಿದವನು ನಾನು. ಎಣ್ಣೆಯಿಂದಲೇ ಶುರು ಮಾಡುತ್ತೇನೆ.

ನಿಮ್ಮ ರೇಟು ಕೆಡಿಸುವುದು ತಾಳೆ ಎಣ್ಣೆ, ಸೋಯಾ ಎಣ್ಣೆ ಅಲ್ವಾ? ಇವುಗಳ ಕಚ್ಚಾ ಎಣ್ಣೆಯ ಮೂಲ ಆಮದು ಸುಂಕವನ್ನು ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ಆದರೆ ಏರಿಸುವುದಕ್ಕೂ ಒಂದು ಮಿತಿ ಇದೆ. ವಿಶ್ವ ವ್ಯಾಪಾರ ಸಂಸ್ಥೆಗೆ ನಾವು ಒಪ್ಪಿ ಬರೆದುಕೊಟ್ಟ ಗರಿಷ್ಠ ಸುಂಕ ತಾಳೆ ಎಣ್ಣೆಗೆ ಶೇ 300, ಸೋಯಾ ಎಣ್ಣೆಗೆ ಬರೀ 45. ದಿಲ್ಲಿಗೆ ಶೇಂಗಾ ಬೆಳೆಗಾರರ ಮೇಲೆ ಎಷ್ಟೇ ಪ್ರೀತಿ ಉಕ್ಕಿದರೂ ಸೋಯಾ ಸುಂಕ ಆ ಗೆರೆ ದಾಟುವಂತಿಲ್ಲ. ಕಾನೂನು ಸತ್ತಿದ್ದರೆ ಈ ಲೆಕ್ಕ ಯಾರು ಕೇಳುತ್ತಿದ್ದರು?

ಕೆಟ್ಟಿರುವುದು ಮೇಲಿನ ಕೋರ್ಟು. ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ 7 ಸದಸ್ಯರಿರಬೇಕು, ಒಂದು ಕೇಸು ಕೇಳಲು 3 ಜನ ಬೇಕು. ಅವಧಿ ಮುಗಿದವರ ಜಾಗ ತುಂಬಲು ಅಮೆರಿಕ ಒಪ್ಪಲಿಲ್ಲ. 2019ರ ಡಿಸೆಂಬರ್‌ನಲ್ಲಿ ಪೀಠ ನಿಂತೇಹೋಯಿತು. ಟ್ರಂಪ್ ಒಬ್ಬರದೇ ಕೆಲಸ ಅಂದುಕೊಳ್ಳಬೇಡಿ. 2016ರಲ್ಲಿ ಒಬಾಮಾ ಸರ್ಕಾರವೇ ಒಬ್ಬರ ಮರುನೇಮಕ ತಡೆದಿತ್ತು. ಬೈಡನ್ ಕಾಲದಲ್ಲೂ ಬಾಗಿಲು ತೆರೆಯಲಿಲ್ಲ.

ಇದರಿಂದ ನಮಗೆ ಲಾಭವೂ ಆಗಿದೆ, ಸುಳ್ಳೇಕೆ ಹೇಳಲಿ? ಕಬ್ಬಿಗೆ ಕೊಡುವ ಬೆಂಬಲ ಮಿತಿ ಮೀರಿದೆ ಅಂತ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ಕೇಸಿನಲ್ಲಿ 2021ರ ಡಿಸೆಂಬರ್‌ನಲ್ಲಿ ಭಾರತ ಕೆಳಗಿನ ಪೀಠದಲ್ಲಿ ಸೋತಿತು. ಕೂಡಲೇ ಅಪೀಲು ಹಾಕಿದೆವು, ಕೇಳಲು ಜನವೇ ಇಲ್ಲದ ಪೀಠಕ್ಕೆ! ಅಪೀಲು ಇತ್ಯರ್ಥವಾಗದೆ ತೀರ್ಪು ಜಾರಿಗೆ ಬರಲೇ ಇಲ್ಲ. ನಮ್ಮ ಕಬ್ಬಿನವರಿಗೆ ಒಳ್ಳೆಯದೇ ಆಯಿತು. ಆದರೆ ಅಮೆರಿಕದ ಕೆಲವು ರಾಜ್ಯಗಳ ಸೌರಶಕ್ತಿ ಸಬ್ಸಿಡಿ ವಿರುದ್ಧ 2019ರಲ್ಲಿ ನಾವು ಗೆದ್ದಾಗ ಅವರೂ ಅಪೀಲು ಹಾಕಿದರು, ಅಷ್ಟರಲ್ಲಿ ಪೀಠ ನಿಂತು ಅದೂ ಹಾಗೇ ಉಳಿಯಿತು. ಅದು ಕೊನೆಗೆ ಬಗೆಹರಿದದ್ದು 2023ರಲ್ಲಿ, ಮಾತುಕತೆಯಿಂದ. ಬಲ ಇದ್ದವರಿಗೆ ಇಂಥ ಮಾತುಕತೆ ಸಲೀಸು. 2025ರ ಆಗಸ್ಟ್‌ನಲ್ಲಿ ನಮ್ಮ ಅನೇಕ ಸರಕಿನ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ ಶೇ 50 ಮುಟ್ಟಿದ್ದು ನೆನಪಿದೆಯಲ್ಲ.

ಆ ಪೀಠ ಬೇಗ ಎದ್ದು ಕೂರುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ. ಐರೋಪ್ಯ ಒಕ್ಕೂಟದವರು ಇನ್ನೂ ಕೆಲವರನ್ನು ಸೇರಿಸಿಕೊಂಡು 2020ರಲ್ಲಿ ಬದಲಿ ಏರ್ಪಾಟು ಮಾಡಿಕೊಂಡರು. ನಾವು ಸೇರಲಿಲ್ಲ. ಈಗ ಎಲ್ಲರೂ ಇಬ್ಬಿಬ್ಬರೇ ಕೂತು ಒಪ್ಪಂದ ಬರೆಯುತ್ತಿದ್ದಾರೆ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿ ಆಯಿತು. ಸ್ವಿಟ್ಜರ್‌ಲೆಂಡ್, ನಾರ್ವೆ ಇರುವ ಗುಂಪಿನ ಜೊತೆಗಿನದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಒಂದೊಂದಕ್ಕೂ ಬೇರೆ ನಿಯಮ: ಸರಕು ಯಾವ ದೇಶದ್ದು ಅಂತ ಹೇಗೆ ತೋರಿಸಬೇಕು, ಯಾವುದಕ್ಕೆ ಎಷ್ಟು ರಿಯಾಯಿತಿ. ನಿಮ್ಮೂರಲ್ಲೇ ಶೇಂಗಾ ಬೀಜ ಹೊರದೇಶಕ್ಕೆ ಕಳಿಸುವವರಿದ್ದರೆ ಅಫ್ಲಟಾಕ್ಸಿನ್ (ಬೂಸ್ಟಿನಿಂದ ಬರುವ ವಿಷ) ಪರೀಕ್ಷೆ ಅಂದರೆ ಏನು ಅಂತ ಕೇಳಿ ನೋಡಿ. ಇಂಥ ತಪಾಸಣೆಗೆ ವಿಜ್ಞಾನದ ಆಧಾರ ಇರಲೇಬೇಕು ಅಂತ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವೇ ಹೇಳುತ್ತದೆ. ಇದನ್ನೆಲ್ಲ ಓದಿ ವಾದ ಮಾಡುವ ವಕೀಲರು ನಮ್ಮ ಕಡೆ ಎಷ್ಟು ಜನ ಇದ್ದಾರೆ?

ಓದಿಸಿ. ಆದರೆ ಸುಮ್ನೆ ಎಲ್‌ಎಲ್‌ಎಂಗೆ ದುಡ್ಡು ಸುರಿಯಬೇಡಿ. ಮೊದಲು ಬೆಂಗಳೂರಿನಲ್ಲಿ ಕಸ್ಟಮ್ಸ್ ಕೇಸು ನಡೆಸುವ ವಕೀಲರ ಹತ್ತಿರ ಒಂದು ವರ್ಷ ಜೂನಿಯರ್ ಆಗಿರಲಿ. ಆಮೇಲೂ ಹಟ ಉಳಿದಿದ್ದರೆ ದಿಲ್ಲಿಯಲ್ಲಿ ವಾಣಿಜ್ಯ ಸಚಿವಾಲಯವೇ ಶುರು ಮಾಡಿದ ವ್ಯಾಪಾರ ಮತ್ತು ಹೂಡಿಕೆ ಕಾನೂನು ಕೇಂದ್ರ ಇದೆ, ಅಲ್ಲಿಗೆ ಅರ್ಜಿ ಹಾಕಲಿ. ಈ ರಜೆಯಲ್ಲಿ ನಿಮ್ಮ ಮಿಲ್ಲಿನ ಲೆಕ್ಕದ ಪುಸ್ತಕವನ್ನೂ ಅವಳ ಕೈಗೆ ಕೊಡಿ.