ಎರಡನೇ ಫೋನ್: ಹೆಂಡತಿಗೆ ಹೇಳಲೇಬೇಕಾದದ್ದು, ಊರಿಗೆ ಹೇಳಬೇಕಿಲ್ಲದ್ದು

(ದಂಪತಿ ಆಪ್ತಸಮಾಲೋಚನೆಗೆ ಬಂದ ಒಂದು ಪ್ರಕರಣ. ಗುರುತು ಸಿಗದಂತೆ ಹೆಸರು, ವಯಸ್ಸು, ವಿವರಗಳನ್ನು ಬದಲಿಸಿದೆ.)

ಸುಮಾಗೆ 29, ರಘುಗೆ 33. ಹಿರಿಯರು ನೋಡಿ ಮಾಡಿದ ಮದುವೆ, ನಾಲ್ಕು ವರ್ಷವಾಗಿದೆ, ಮಕ್ಕಳಿಲ್ಲ. ಗಂಡ ಹತ್ತಿರ ಬರುತ್ತಿದ್ದುದೇ ಅಪರೂಪ. ಕೊರತೆ ತನ್ನಲ್ಲೇ ಇರಬೇಕೆಂದು ಸುಮಾ ತೂಕ ಇಳಿಸಿದ್ದರು, ಥೈರಾಯ್ಡ್, ಪಿಸಿಒಡಿ (ಅಂಡಾಶಯದ ತೊಂದರೆ) ಪರೀಕ್ಷೆ ಮಾಡಿಸಿದ್ದರು, ಅತ್ತೆ ಹೊತ್ತ ಹರಕೆಯನ್ನೂ ತೀರಿಸಿದ್ದರು. ಆಮೇಲೆ ರಘು ಬಚ್ಚಿಟ್ಟಿದ್ದ ಎರಡನೇ ಫೋನಿನಲ್ಲಿ ಬೇರೆ ಹೆಸರಿನ ಡೇಟಿಂಗ್ ಆ್ಯಪ್ ಖಾತೆ ಸಿಕ್ಕಿತು. ಮಾತುಕತೆಯೆಲ್ಲ ಗಂಡಸರ ಜೊತೆ.

"ಹೆಂಗಸಾಗಿದ್ರೆ ಜಗಳ ಆಡ್ತಿದ್ದೆ ಮೇಡಂ. ಈಗ ಯಾರ ಹತ್ರ ಆಡ್ಲಿ?"

ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಲಾಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಆದರೆ ಸಂಗಾತಿಯ ಆರೋಗ್ಯಕ್ಕೆ ಅಪಾಯ ತರುವ ವಿಷಯವಿದ್ದರೆ, ಅದನ್ನು ಅವರೇ ಬಾಯಿಬಿಟ್ಟು ಹೇಳುವ ತನಕ ಜಂಟಿ ಭೇಟಿ ಇಲ್ಲ. ಮೊದಲ ಕೆಲಸ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುವುದು. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿಯೇ ಬರುತ್ತದೆ. ರಘು ಹೌದೆಂದರು. ಸುಮಾರ ಅಣ್ಣ ಸ್ಕ್ರೀನ್‌ಶಾಟ್‌ಗಳನ್ನು ಬಂಧುಗಳ ಗ್ರೂಪಿಗೆ ಹಾಕುತ್ತೇನೆ ಎಂದ ರಾತ್ರಿಯಿಂದ ಅದೇ ಯೋಚನೆ. ಮನೋವೈದ್ಯರ ಭೇಟಿ ಗೊತ್ತುಮಾಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಕೊಡಲಾಯಿತು.

ಎರಡನೆಯದು ರಕ್ತಪರೀಕ್ಷೆ. ನಂಬಿಕೆಯ ಮಾತೆಲ್ಲ ಆಮೇಲೆ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಮೂರನ್ನೂ ಇಬ್ಬರೂ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೆ ಸಿಗದಿರಬಹುದು, ಹಾಗಾಗಿ ಮೂರು ತಿಂಗಳಿಗೆ ಮತ್ತೊಮ್ಮೆ. ಅಲ್ಲಿಯವರೆಗೆ ಸಂಬಂಧ ಬೇಡ, ಇಲ್ಲವೇ ಕಾಂಡೋಮ್ ಕಡ್ಡಾಯ.

ಇಂಥ ಪ್ರಕರಣ ಹೆಚ್ಚಾಗಿ ಕೆಡುವುದು ಸತ್ಯ ಕಂತಿನಲ್ಲಿ ಬರುವುದರಿಂದ. ಇವತ್ತು "ಬರೀ ಚಾಟ್", ವಾರ ಕಳೆದು "ಒಂದೇ ಸಲ", ತಿಂಗಳಿಗೆ ಇನ್ನೊಂದು ಹೆಸರು. ಪ್ರತಿ ಕಂತೂ ಹೊಸ ದ್ರೋಹವೇ. ಅದಕ್ಕೆ ಸುಮಾ ಪ್ರಶ್ನೆಗಳನ್ನು ಬರೆದು ತಂದರು, ಕೂತು ಎರಡು ಪಾಲು ಮಾಡಿದೆವು. ಮದುವೆಗೆ ಮುಂಚೆ ಗೊತ್ತಿತ್ತೇ, ಈಗಲೂ ಯಾರಾದರೂ ಇದ್ದಾರೆಯೇ, ಕಾಂಡೋಮ್ ಬಳಸಿದ್ದರೇ, ದುಡ್ಡು ಎಷ್ಟು ಹೋಗಿದೆ, ಯಾರಾದರೂ ಬೆದರಿಸುತ್ತಿದ್ದಾರೆಯೇ: ಆಕೆಯ ತೀರ್ಮಾನ ನಿಂತಿರುವುದು ಇವುಗಳ ಮೇಲೆ. ಎಲ್ಲಿ, ಹೇಗೆ ಎಂಬಂಥವು ನಿದ್ದೆ ಕೆಡಿಸುವುದಕ್ಕಷ್ಟೇ. ಮೊದಲ ಪಾಲಿಗೆ ರಘು ಒಂದೇ ಸಲ, ಒಂದೂವರೆ ಗಂಟೆ ಕೂತು ಉತ್ತರ ಕೊಟ್ಟರು. ಕಾಲೇಜಿನಲ್ಲೇ ಗೊತ್ತಿತ್ತಂತೆ. ಮದುವೆಯಾದರೆ ಸರಿಹೋಗುತ್ತದೆಂದು ಒಪ್ಪಿಕೊಂಡರಂತೆ.

ಸರಿಹೋಗುವಂಥದ್ದಲ್ಲ ಅದು, ರೋಗವೂ ಅಲ್ಲ. "ಬದಲಾಯಿಸುವ ಚಿಕಿತ್ಸೆ" ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಗುವಾದರೆ ದಾರಿಗೆ ಬರುತ್ತಾನೆ ಎನ್ನುವ ಹಿರಿಯರ ಮಾತಂತೂ ಮೂರನೆಯ ಜೀವವನ್ನು ಸಿಕ್ಕಿಸುವ ಸಲಹೆ.

ಆರು ವಾರ ಯಾವ ತೀರ್ಮಾನವೂ ಬೇಡ ಎಂದು ಇಬ್ಬರಿಗೂ ಹೇಳಿದೆವು, ವಕೀಲರ ಭೇಟಿಯೊಂದನ್ನು ಬಿಟ್ಟು. ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ, ವಂಚನೆಯ ಕಾರಣಕ್ಕೆ ಮದುವೆ ರದ್ದು ಕೇಳುವುದಾದರೆ ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಮನಸಾರೆ ದಾಂಪತ್ಯ ನಡೆಸಿದ್ದರೆ ಆ ಬಾಗಿಲು ಮುಚ್ಚುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ (13ಬಿ) ಒಂದು ವರ್ಷ ಬೇರೆ ಇದ್ದಿರಬೇಕು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಅಣ್ಣ ಠಾಣೆಗೆ ಹೋಗೋಣ ಎನ್ನುತ್ತಿದ್ದರು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧವೂ ವ್ಯಭಿಚಾರವೂ 2018ರ ತೀರ್ಪುಗಳ ನಂತರ ಅಪರಾಧವಲ್ಲ. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಅಷ್ಟೇ.

ಸುಮಾಗೆ ಸತ್ಯ ತಿಳಿಯುವ ಹಕ್ಕಿದೆ. ಊರಿಗೆ ಹೇಳುವುದು, ಬಿಡುವುದು ರಘುಗೆ ಸೇರಿದ್ದು. ಸ್ಕ್ರೀನ್‌ಶಾಟ್‌ಗಳು ಅಣ್ಣನ ಫೋನಿನಿಂದ ಅಳಿದು, ವಕೀಲರ ಬಳಿ ಒಂದು ಪ್ರತಿ ಉಳಿಯಿತು. ಇಬ್ಬರೂ ಬೇರೆಯಾಗಲು ಒಪ್ಪಿದರು. ಎರಡೂ ಮನೆಗೆ ಹೇಳಲು ಒಂದು ವಾಕ್ಯ ಗೊತ್ತುಮಾಡಿಕೊಂಡರು: "ನಮಗೆ ಹೊಂದಲಿಲ್ಲ, ಇಬ್ಬರೂ ಸೇರಿ ತೀರ್ಮಾನಿಸಿದ್ದೇವೆ." ಸುಮಾ ಒಂದೇ ಷರತ್ತು ಹಾಕಿದರು: ಮಕ್ಕಳಾಗದ ಅಪವಾದ ತನ್ನ ತಲೆಗೆ ಬರಬಾರದು, ಅದನ್ನು ಅತ್ತೆಗೆ ರಘುವೇ ಹೇಳಬೇಕು. ರಘು ಹೇಳಿದರು, ತನ್ನ ಒಲವಿನ ವಿಷಯ ಎತ್ತದೆ: "ಅವಳಲ್ಲಿ ಏನೂ ತೊಂದರೆ ಇಲ್ಲಮ್ಮ, ದೂರ ಇದ್ದಿದ್ದು ನಾನೇ."